ಮಿನ್‌ಚಿನ್ ಓಯಸಿಸ್ ಅಂಚಿನ ಮರಳು: ಸರಾಸರಿ ಗಾಳಿ ಸಾಲದು

ಚೀನಾದ ಗಾನ್ಸು ಪ್ರಾಂತ್ಯದ ಮಿನ್‌ಚಿನ್ ಓಯಸಿಸ್‌ಗೆ ಒಂದು ಬದಿಯಲ್ಲಿ ಬಡೈನ್ ಜರಾನ್ ಮರುಭೂಮಿ, ಇನ್ನೊಂದು ಬದಿಯಲ್ಲಿ ಟೆಂಗರ್. ವರ್ಷದ ಮಳೆ ಸುಮಾರು 110 ಮಿ.ಮೀ. ಅಷ್ಟೇ. ಬೇಸಾಯ ನಿಂತಿರುವುದು ಶಿಯಾಂಗ್ ನದಿ ಮತ್ತು ಅಂತರ್ಜಲದ ಮೇಲೆ.

ಮರಳು ಉರುಳುತ್ತದೆ, ನೆಗೆಯುತ್ತದೆ. ನುಣ್ಣನೆಯ ಧೂಳು ತೇಲುತ್ತದೆ. ಓಯಸಿಸ್ ಅಂಚಿಗೆ ಬಂದು ಬೀಳುವುದರಲ್ಲಿ ನೆಗೆತದ ಪಾಲೇ ದೊಡ್ಡದು, ಅದೂ ಬಹುಪಾಲು ಮೊಣಕಾಲೆತ್ತರದ ಒಳಗೆ.

ಈಗ ಮುಖ್ಯ ತೊಡಕು. ಸರಾಸರಿ ಗಾಳಿ ಒಂದೇ ಇದ್ದರೂ ಸಾಗುವ ಮರಳು ಏಕೆ ಬೇರೆ? ಗಾಳಿ ಎಷ್ಟು ಮರಳು ಸಾಗಿಸಬಲ್ಲದು ಎಂದು ಅಂದಾಜಿಸಲು ಭೂವಿಜ್ಞಾನಿ ಫ್ರೈಬರ್ಗರ್ 1979ರಲ್ಲಿ ಕೊಟ್ಟ ಸೂತ್ರ ಹೀಗಿದೆ: ವೇಗ × ವೇಗ × (ವೇಗ − ಕನಿಷ್ಠ ವೇಗ) × ಕಾಲದ ಪಾಲು. ಮರಳು ಕದಲಲು ಬೇಕಾದ ಕನಿಷ್ಠ ವೇಗ 12 ನಾಟ್ (ಗಂಟೆಗೆ ಸುಮಾರು 22 ಕಿ.ಮೀ.) ಎಂದಿಟ್ಟುಕೊಳ್ಳಿ. ದಿನವಿಡೀ 12 ನಾಟ್ ಬೀಸಿದರೆ ಆವರಣದೊಳಗೆ ಸೊನ್ನೆ, ಉತ್ತರವೂ ಸೊನ್ನೆ. ಅರ್ಧ ದಿನ 8, ಅರ್ಧ ದಿನ 16 ಬೀಸಿದರೆ ಸರಾಸರಿ ಅದೇ 12. ಆದರೆ 16 × 16 × 4 × ½ = 512. ಮುಕ್ಕಾಲು ದಿನ 8, ಕಾಲು ದಿನ 24 ಬೀಸಿದರೂ ಸರಾಸರಿ 12 ಬಿಟ್ಟು ಕದಲುವುದಿಲ್ಲ. 24 × 24 × 12 × ¼ ಮಾತ್ರ 1728! ದಯವಿಟ್ಟು ಈ ಮೂರು ಲೆಕ್ಕವನ್ನು ಕೈಯಾರೆ ಹಾಕಿ ನೋಡಿ. 8 ನಾಟ್ ಗಾಳಿ ಎಷ್ಟು ಹೊತ್ತು ಬೀಸಿದರೂ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಇಲ್ಲಿ ಮನಸ್ಸಿಗಿಳಿಯುತ್ತದೆ.

ತೇವವನ್ನೂ ಇದರಲ್ಲೇ ಹಿಡಿಯಬಹುದು. ಒದ್ದೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಕನಿಷ್ಠ ವೇಗ ಏರುತ್ತದೆ. ಅದು 16 ಆಯಿತು ಅನ್ನಿ. ಎರಡನೇ ದಿನದ 512 ಸೊನ್ನೆಗಿಳಿಯುತ್ತದೆ, ಮೂರನೇ ದಿನದ್ದು 1152 ಉಳಿಯುತ್ತದೆ. ಸಣ್ಣ ಮಳೆ ಸಾಧಾರಣ ಗಾಳಿಯನ್ನು ತಡೆದೀತು, ಬಿರುಗಾಳಿಯನ್ನಲ್ಲ. ಬಿಸಿಲಿಗೆ ಮೇಲ್ಪದರ ಬೇಗ ಒಣಗುವುದರಿಂದ ಆ ತಡೆಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಳೆಯ ದೀರ್ಘ ಉಪಕಾರ ಗಿಡಗಳ ಮೂಲಕ ಬರುತ್ತದೆ.

ವಸಂತ ಅಪಾಯದ ಕಾಲ. ಸೈಬೀರಿಯಾ ಕಡೆಯ ತಣ್ಣನೆ ಗಾಳಿ ವಾಯುವ್ಯದಿಂದ ನುಗ್ಗುವಾಗ ನೆಲ ಒಣಗಿರುತ್ತದೆ, ಗಿಡಗಳು ಇನ್ನೂ ಚಿಗುರಿರುವುದಿಲ್ಲ.

ಹವಾಮಾನವೊಂದರ ಮೇಲೇ ಎಲ್ಲವನ್ನೂ ಹೊರಿಸುವುದು ಸರಿಯಲ್ಲ. ಅಂಚಿನಲ್ಲಿ ನೆಟ್ಟ ಸ್ಯಾಕ್ಸಾಲ್ ಪೊದೆಗಳು ಗಾಳಿಯನ್ನು ನಿಧಾನಿಸಿ ಮರಳನ್ನು ಅಲ್ಲೇ ಬೀಳಿಸುತ್ತವೆ. ಬಾವಿಗಳಿಂದ ನೀರೆತ್ತಿ ಅಂತರ್ಜಲ ಇಳಿದಾಗ ಅವು ಒಣಗುತ್ತವೆ. ಆಗ ಗಾಳಿ ಹೆಚ್ಚದಿದ್ದರೂ ಮರಳು ಒಳನುಗ್ಗುತ್ತದೆ. ಇದೇ ನದಿಯ ತುದಿಯ ಚಿಂಗ್‌ಟು ಸರೋವರ 1959ರ ಹೊತ್ತಿಗೆ ಬತ್ತಿತ್ತು, 2010ರಿಂದ ಅದಕ್ಕೆ ಮತ್ತೆ ನೀರು ಹರಿಸಲಾಗುತ್ತಿದೆ.

ಲೆಕ್ಕ ಹಾಕುವವರು ತಿಂಗಳ ಸರಾಸರಿಯನ್ನು ಬಿಟ್ಟು ಗಂಟೆವಾರು ದತ್ತಾಂಶ ತೆಗೆದುಕೊಳ್ಳಿ. ಅಳತೆಯ ಎತ್ತರವನ್ನೂ ನೋಡಿ: 12 ನಾಟ್ ಎಂಬುದು 10 ಮೀಟರ್ ಎತ್ತರದ ಗಾಳಿಗೆ, 2 ಮೀಟರ್‌ನಲ್ಲಿ ಅಳೆದದ್ದಾದರೆ ಮೊದಲು ಪರಿವರ್ತಿಸಿಕೊಳ್ಳಬೇಕು.