ದಾವಣಗೆರೆಯಲ್ಲಿ ಅನಿಮೆ ಮೇಳ ಮಾಡೋಕೆ ಆಗಲ್ವಾ?

ಪ್ರಶ್ನೆ: ಅನಿಮೆ, ಅಂದರೆ ಜಪಾನ್‌ನ ಕಾರ್ಟೂನ್, ನೋಡುವವರು ನಮ್ಮೂರಲ್ಲೂ ಜಾಸ್ತಿ ಇದ್ದೇವೆ. ಆದರೂ ಕಾಮಿಕ್ ಕಾನ್ ಅನ್ನುವ ಅಭಿಮಾನಿಗಳ ಮೇಳಕ್ಕೆ ಅಂತ ಬೆಂಗಳೂರಿಗೇ ಹೋಗಬೇಕು. ದಾವಣಗೆರೆಯಲ್ಲೇ ಮಾಡಲು ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ಆದರೆ ಬೆಂಗಳೂರಿನದ್ದನ್ನೇ ಇಲ್ಲಿ ಮಾಡಲು ಹೊರಟರೆ ವೇದಿಕೆ, ಅತಿಥಿಗಳು ಅಂತಲೇ ದುಡ್ಡು ಮುಗಿದುಹೋಗುತ್ತದೆ. ಅದರ ಬದಲು ಟೋಕಿಯೊದ ಕಾಮಿಕೆಟ್ ಅನ್ನುವ ಕಾಮಿಕ್ಸ್ ಮೇಳ ಹೇಗೆ ಶುರುವಾಯಿತು ನೋಡಿ.

1975ರಲ್ಲಿ ಜಪಾನ್‌ನ ಮಾಂಗಾ (ಅಲ್ಲಿನ ಕಾಮಿಕ್ಸ್) ಅಭಿಮಾನಿಗಳ ಸಮ್ಮೇಳನವೊಂದು ತನ್ನನ್ನು ಟೀಕಿಸಿದವರೊಬ್ಬರಿಗೆ ಬಾಗಿಲು ಹಾಕಿತು. ಸಿಟ್ಟಾದ ಒಂದಷ್ಟು ಜನ ಸುಮ್ನೆ ಕೂರಲಿಲ್ಲ, ತಮ್ಮದೇ ಮೇಳ ಮಾಡಿದರು. ಅದೇ ಡಿಸೆಂಬರ್ 21ರಂದು, ಅಗ್ನಿಶಾಮಕದವರ ಕಟ್ಟಡದ ಮೀಟಿಂಗ್ ಹಾಲ್‌ನಲ್ಲಿ. 32 ತಂಡಗಳು ಮೇಜು ಹಾಕಿದ್ದವು. ಬಂದವರು ಸುಮಾರು 700 ಜನ, ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯರೇ ಹೆಚ್ಚು. ನಮ್ಮ ಕಡೆ ಒಂದು ಸಾಧಾರಣ ಮದುವೆಗೆ ಸೇರುವಷ್ಟು ಜನ, ಅಲ್ವಾ? 2019ರ ಡಿಸೆಂಬರ್‌ನಲ್ಲಿ ಇದೇ ಮೇಳಕ್ಕೆ 4 ದಿನದಲ್ಲಿ ಬಂದವರು ಸುಮಾರು 7.5 ಲಕ್ಷ.

ಮೇಳವನ್ನು ಇಷ್ಟು ಬೆಳೆಸಿದ್ದು ಆ ಮೇಜುಗಳೇ. ಅವುಗಳ ಮೇಲೆ ಇರುವುದು ಅಭಿಮಾನಿಗಳೇ ಬರೆದು, ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ಪುಸ್ತಕಗಳು. ಅವಕ್ಕೆ ದೋಜಿನ್‌ಶಿ ಅನ್ನುತ್ತಾರೆ. ಮಾರುವವರು, ಕೊಳ್ಳುವವರು, ಕುರ್ಚಿ ಎತ್ತಿಡುವ ಸ್ವಯಂಸೇವಕರು ಎಲ್ಲರೂ ಅಲ್ಲಿ 'ಭಾಗವಹಿಸುವವರು'. ಗಿರಾಕಿ ಅಂತ ಯಾರೂ ಇಲ್ಲ. ಹೀಗಿದ್ದಾಗ ಈ ಸಲ ಕೊಂಡವಳು ಮುಂದಿನ ಸಲ ತನ್ನದೇ ಪುಸ್ತಕ ಹಿಡಿದು ಬರುತ್ತಾಳೆ.

ದೊಡ್ಡ ಊರೇ ಬೇಕು ಅಂತಲೂ ಇಲ್ಲ. ನಾಗಾಲ್ಯಾಂಡ್‌ನ ಕೊಹಿಮಾದಲ್ಲಿ ಕಾಸ್‌ಪ್ಲೇ, ಅಂದರೆ ಅನಿಮೆ-ಕಾಮಿಕ್ಸ್ ಪಾತ್ರಗಳ ವೇಷ ಹಾಕುವುದು, ಮಾಡುವವರದೇ ಕಾಸ್‌ಫೆಸ್ಟ್ ನಡೆಯುತ್ತದೆ. 2011ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ ಸುಮಾರು 1 ಲಕ್ಷ. ದಾವಣಗೆರೆಯದು 4.3 ಲಕ್ಷ.

ನಮ್ಮಲ್ಲಿ ಚಿತ್ರ ಬರೆಯುವವರಿಗೇನೂ ಕೊರತೆಯಿಲ್ಲ, ದೃಶ್ಯಕಲಾ ಕಾಲೇಜು ಊರಲ್ಲೇ ಇದೆ. ವೇಷಕ್ಕಂತೂ ಹೇಳುವುದೇ ಬೇಡ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು. ಕಿರೀಟ, ಗದೆ, ಜರಿ ಅಂಗಿ ಹೊಲಿದು ಅಂಟಿಸುವ ಕೈಗಳಿಗೆ ನಿಂಜಾ ಅಂಗಿ ಏನು ಮಹಾ? ಅಂಥ ಒಬ್ಬರನ್ನು ಕರೆಸಿ, ರಟ್ಟಿನ ಮೇಲೆ ಬಣ್ಣದ ಕಾಗದ ಹೇಗೆ ಕೂರಿಸುತ್ತಾರೆ ಅಂತ ಹುಡುಗರಿಗೆ ತೋರಿಸಿಕೊಡಲು ಹೇಳಿ. ನನ್ನನ್ನು ಕೇಳಿದರೆ, ಸಿನಿಮಾದವರನ್ನು ಕರೆಸುವುದಕ್ಕಿಂತ ಇದು ಮೇಲು.

ಮೊದಲ ಸಲ 20 ಮೇಜು ಸಾಕು. ಮೇಜಿನ ಬಾಡಿಗೆ ಕಡಿಮೆ ಇಡಿ, ಕೈಯಲ್ಲಿ ಮಾಡಿದ್ದಕ್ಕೇ ಮೊದಲ ಜಾಗ ಕೊಡಿ. ಆಷಾಢದಲ್ಲಿ ಮಾಡಿ. ಮದುವೆಗಳಿರುವುದಿಲ್ಲ, ಛತ್ರ ಖಾಲಿ, ಬಾಡಿಗೆಯಲ್ಲೂ ಚೌಕಾಸಿ ಮಾಡಬಹುದು.