ಪಾರ್ಕ್ ಎಂದರೆ ಉದ್ಯಾನವಲ್ಲ: ಇಂಗ್ಲೆಂಡಿನ ‘ಡಿಯರ್ ಪಾರ್ಕ್’

ಇಂಗ್ಲೆಂಡಿನ ಹಳೆಯ ಜಮೀನ್ದಾರಿ ಬಂಗಲೆಗಳ ಬಗ್ಗೆ ಕನ್ನಡದಲ್ಲಿ ಬರುವ ಪ್ರವಾಸ ಲೇಖನಗಳಲ್ಲಿ, ಕಾದಂಬರಿಗಳ ಅನುವಾದಗಳಲ್ಲಿ ‘ಡಿಯರ್ ಪಾರ್ಕ್’ ಎಂದು ಕಂಡಲ್ಲೆಲ್ಲ ‘ಜಿಂಕೆ ಉದ್ಯಾನವನ’ ಎಂದು ಬರೆದು ಮುಂದೆ ಸಾಗುತ್ತಾರೆ. ಬರೀ ‘ಪಾರ್ಕ್’ ಎಂದಿದ್ದರೆ ‘ಉದ್ಯಾನ’. ಸಾರನಾಥದ ನೆನಪಿನಲ್ಲಿ ‘ಮೃಗದಾವ’ ಎಂದು ಬರೆದವರೂ ಉಂಟು. ಮೂರೂ ತಪ್ಪು, ಮೂರನೆಯದಂತೂ ಅರ್ಥವನ್ನೇ ತಲೆಕೆಳಗು ಮಾಡುತ್ತದೆ. ಉದ್ಯಾನಕ್ಕೆ ಬೇಕಾದದ್ದು ಗಿಡ, ಹೂವು, ಮಾಲಿ. ಪಾರ್ಕ್ ಎಂದರೆ ಜಿಂಕೆ ಸಾಕಲು ಬೇಲಿ ಹಾಕಿದ ಬಯಲು, ಅದಕ್ಕೆ ಬೇಕಾದದ್ದು ಬೇಲಿ, ಮೇವು, ಕಾವಲುಗಾರ. ಎರಡಕ್ಕೂ ಒಂದೇ ಪದ ಹಾಕಿದರೆ ಬಂಗಲೆಯ ಸುತ್ತಲಿನ ನೂರಾರು ಎಕರೆ ಯಾಕೆ ಹಾಗಿದೆ ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

‘ಪಾರ್ಕ್’ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನ ‘ಪಾರ್ಕ್’ನಿಂದ. ಅದರ ಹಿಂದೆ ಮಧ್ಯಯುಗದ ಲ್ಯಾಟಿನ್ನಿನ ‘ಪರ್ರಿಕುಸ್’ ಇದೆ. ಸುತ್ತುಗಟ್ಟಿದ ಜಾಗ ಎಂಬುದು ಅದರ ಅರ್ಥ. ಇದೇ ಬಳಗದ ‘ಪಿಯರ್ರಕ್’ ಎಂಬ ಪದ ಹಳೆಯ ಇಂಗ್ಲಿಷಿನಲ್ಲಿ ಮೊದಲೇ ಇತ್ತು, ಅದು ಸವೆದು ‘ಪ್ಯಾಡಕ್’ ಆಯಿತು. ಅಂದರೆ ಕುದುರೆ ಬಿಡುವ ಪ್ಯಾಡಕ್ಕೂ ಜಿಂಕೆ ಬಿಡುವ ಪಾರ್ಕೂ ಒಂದೇ ಬೇರಿನವು. ಸೈನ್ಯದವರು ಫಿರಂಗಿ, ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಕಾಯುತ್ತಿದ್ದ ಜಾಗಕ್ಕೂ ಪಾರ್ಕ್ ಎನ್ನುತ್ತಿದ್ದರು. ವಾಹನ ನಿಲ್ಲಿಸುವ ‘ಪಾರ್ಕಿಂಗ್’ ಬಂದದ್ದು ಅಲ್ಲಿಂದಲೇ. ಈ ಯಾವ ಬಳಕೆಯಲ್ಲೂ ಹೂವಿನ ಸುಳಿವಿಲ್ಲ, ಎಲ್ಲದರಲ್ಲೂ ಇರುವುದು ಎಲ್ಲೆ. ಅರ್ಥಕ್ಕೆ ಹತ್ತಿರದ ಕನ್ನಡ ಪದ ಹುಡುಕಿದರೆ ‘ದೊಡ್ಡಿ’ ಸಿಗುತ್ತದೆ, ಆದರೆ ಅದರ ಅಳತೆ ತೀರಾ ಚಿಕ್ಕದು.

‘ಡಿಯರ್’ ಪದದ ದಾರಿಯೂ ಗಮನಿಸುವಂಥದ್ದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಯಾವುದೇ ಕಾಡುಪ್ರಾಣಿ ಎಂಬ ಅರ್ಥವಿತ್ತು, ಬೇಟೆಯ ಬಳಕೆಯಲ್ಲಿ ಅದು ಜಿಂಕೆಗೆ ಕಿರಿದಾಯಿತು. ಸಂಸ್ಕೃತದ ‘ಮೃಗ’ಕ್ಕೂ ಪ್ರಾಣಿ, ಜಿಂಕೆ ಎಂಬ ಎರಡು ಅರ್ಥಗಳಿವೆ, ಬೇಟೆಗೆ ‘ಮೃಗಯಾ’ ಎನ್ನುವುದೂ ಅಲ್ಲಿಂದಲೇ. ಈ ಹೋಲಿಕೆ ನೋಡಿಯೇ ‘ಮೃಗದಾವ’ ಸರಿಹೊಂದುತ್ತದೆ ಎಂದು ಕೆಲವರಿಗೆ ಅನಿಸಿರಬೇಕು. ಸಾರನಾಥದ ಮೃಗದಾವಕ್ಕೆ ಆ ಹೆಸರು ಬಂದದ್ದು ಜಿಂಕೆಗಳಿಗೆ ಅಭಯ ಸಿಕ್ಕ ಜಾಗ ಎಂಬ ಕಥೆಯಿಂದ. ಇಂಗ್ಲೆಂಡಿನ ಡಿಯರ್ ಪಾರ್ಕ್ ಹುಟ್ಟಿದ್ದು ಜಿಂಕೆಮಾಂಸಕ್ಕಾಗಿ. ಆ ಮಾಂಸ ಸಾಮಾನ್ಯವಾಗಿ ಸಂತೆಯಲ್ಲಿ ಮಾರಾಟಕ್ಕೆ ಬರುತ್ತಿರಲಿಲ್ಲ. ಅದು ಹಬ್ಬದ ಊಟಕ್ಕೆ, ದೊರೆಗೆ, ಬಿಷಪ್ಪರಿಗೆ, ನೆರೆಯ ಜಮೀನ್ದಾರರಿಗೆ ಉಡುಗೊರೆಯಾಗಿ ಹೋಗುತ್ತಿತ್ತು. ದುಡ್ಡು ಕೊಟ್ಟರೂ ಸಿಗದ ಮಾಂಸ ತನ್ನ ಬೇಲಿಯೊಳಗೆ ಓಡಾಡುತ್ತಿದೆ ಎಂಬುದೇ ಪಾರ್ಕಿನ ಒಡೆಯನ ಅಂತಸ್ತು. ಅಭಯವನಕ್ಕೂ ಮಾಂಸದ ಕಣಜಕ್ಕೂ ಒಂದೇ ಹೆಸರು ಕೊಡಬಾರದು.

ಪಾರ್ಕುಗಳು 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರಿಗಿಂತ ಮೊದಲೇ ಅಲ್ಲೊಂದು ಇಲ್ಲೊಂದು ಇದ್ದವು. ದೊರೆ ಬರೆಸಿದ ಜಮೀನು ಲೆಕ್ಕವಾದ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಸುಮಾರು 35 ಪಾರ್ಕುಗಳು ಸಿಗುತ್ತವೆ, 1300ರ ಹೊತ್ತಿಗೆ ಅವು 3,000ದ ಸುತ್ತಮುತ್ತ ಇದ್ದವು ಎಂಬುದು ಇತಿಹಾಸಕಾರರ ಅಂದಾಜು. ಈ ಏರಿಕೆಯ ಹಿಂದೆ ಫ್ಯಾಲೋ ಎಂಬ ಜಿಂಕೆ ಇದೆ. ಅದು ಇಂಗ್ಲೆಂಡಿನ ಮೂಲದ್ದಲ್ಲ. ರೋಮನ್ನರ ಕಾಲದಲ್ಲಿ ಬಂದು ಅಳಿದುಹೋಗಿದ್ದ ಅದನ್ನು ಮತ್ತೆ ತಂದವರು ನಾರ್ಮನ್ನರು. ನಮ್ಮ ಸಾರಗದಂತೆ ಮೈಮೇಲೆ ಚುಕ್ಕೆಗಳಿದ್ದರೂ ಗಂಡಿನ ಕೊಂಬು ಅಂಗೈಯಂತೆ ಅಗಲ. ಇಕ್ಕಟ್ಟಿನ ಜಾಗದಲ್ಲೂ ಹಿಂಡಾಗಿ ಬದುಕುತ್ತದೆ, ಬಡ ಹುಲ್ಲಿನಲ್ಲೂ ಮೈತುಂಬಿಕೊಳ್ಳುತ್ತದೆ. ಅಲ್ಲಿಯದೇ ಆದ ಕೆಂಪು ಜಿಂಕೆ, ರೋ ಜಿಂಕೆಗಳನ್ನು ಬೇಲಿಯೊಳಗೆ ಸಾಕುವುದು ಇಷ್ಟು ಸುಲಭವಲ್ಲ.

ಪಾರ್ಕಿನ ಜತೆಗೇ ಎಡವುವ ಇನ್ನೊಂದು ಪದ ‘ಫಾರೆಸ್ಟ್’. ಮಧ್ಯಯುಗದ ಇಂಗ್ಲೆಂಡಿನಲ್ಲಿ ಫಾರೆಸ್ಟ್ ಎಂದರೆ ಮರಗಳಿರುವ ಕಾಡು ಎಂದಲ್ಲ, ದೊರೆಯ ಬೇಟೆ ಕಾನೂನಿಗೆ ಒಳಪಟ್ಟ ಸೀಮೆ ಎಂದು. ಡಾರ್ಟ್‌ಮೂರ್, ಎಕ್ಸ್‌ಮೂರ್‌ಗಳಲ್ಲಿ ಬಹುಪಾಲು ಬಯಲು, ಕುರುಚಲು, ಜೌಗು. ಆದರೂ ಅವು ಫಾರೆಸ್ಟ್ ಆಗಿದ್ದವು. ಮೈಸೂರು ಸೀಮೆಯ ಅಮೃತ್ ಮಹಲ್ ಕಾವಲುಗಳನ್ನು ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ, ‘ಕಾವಲ್’ ಎಂಬ ಹೆಸರು ಅಲ್ಲಿ ಬೆಳೆದದ್ದನ್ನಲ್ಲ, ಆ ನೆಲದ ಮೇಲಿನ ಹಕ್ಕನ್ನು ಹೇಳುತ್ತದೆ. ಫಾರೆಸ್ಟಿಗೆ ಬೇಲಿ ಇರಲಿಲ್ಲ. ಅಂಥದೇ ಬೇಲಿಯಿಲ್ಲದ ಬೇಟೆಸೀಮೆ ದೊರೆಯದಾಗದೆ ಸರದಾರನದಾದರೆ ‘ಚೇಸ್’, ಉದಾಹರಣೆಗೆ ಕ್ಯಾನಕ್ ಚೇಸ್. ಮೊಲ ಸಾಕುವ ಜಾಗ ‘ವಾರನ್’. ಬೇಲಿಯಿದ್ದು ಜಿಂಕೆಯಿದ್ದರೆ ಪಾರ್ಕ್. ನಾಲ್ಕನ್ನೂ ‘ಅರಣ್ಯ’ ಎಂದು ಬರೆದರೆ ಕಳ್ಳಬೇಟೆಯ ಮೊಕದ್ದಮೆ ಯಾವ ನ್ಯಾಯಾಲಯಕ್ಕೆ ಹೋಯಿತು, ಯಾಕೆ ಹೋಯಿತು ಎಂಬುದೆಲ್ಲ ಕಲಸುಮೇಲೋಗರ.

ಬೇಲಿಗೆ ಇಂಗ್ಲಿಷಿನಲ್ಲಿ ‘ಪಾರ್ಕ್ ಪೇಲ್’ ಎನ್ನುತ್ತಾರೆ. ಮೊದಲು ಕಂದಕ ತೋಡಿ, ಅದೇ ಮಣ್ಣನ್ನು ಹೊರಗಡೆಗೆ ಹಾಕಿ ಏರಿ ಕಟ್ಟುತ್ತಾರೆ. ಏರಿಯ ನೆತ್ತಿಯ ಮೇಲೆ ಸೀಳಿದ ಓಕ್ ಹಲಗೆಗಳನ್ನು ಒತ್ತೊತ್ತಾಗಿ ನಿಲ್ಲಿಸುತ್ತಾರೆ. ಗರಗಸದಲ್ಲಿ ಕೊಯ್ದ ಹಲಗೆಗಿಂತ ನಾರಿನ ಗುಂಟ ಸೀಳಿದ ಹಲಗೆ ನೀರು ಕುಡಿಯುವುದು ಕಡಿಮೆ, ಬಾಳಿಕೆ ಹೆಚ್ಚು. ಇಲ್ಲಿ ನೋಡಬೇಕಾದದ್ದು ಕಂದಕ ಯಾವ ಕಡೆಗಿದೆ ಎಂಬುದನ್ನು. ಕೋಟೆಯಲ್ಲಿ ಕಂದಕ ಹೊರಗೆ, ಶತ್ರು ಒಳಗೆ ಬರಬಾರದು. ಪಾರ್ಕಿನಲ್ಲಿ ಕಂದಕ ಒಳಗೆ, ಜಿಂಕೆ ಹೊರಗೆ ಹೋಗಬಾರದು. ಕಂದಕದೊಳಗಿನಿಂದ ಹಾರಲು ಹೊರಟ ಜಿಂಕೆಗೆ ಹಲಗೆಯ ಎತ್ತರದ ಜತೆ ಏರಿಯ ಎತ್ತರವೂ ಕೂಡುತ್ತದೆ. ಹಲಗೆಗಳು ಕೊಳೆತು ಶತಮಾನಗಳಾದ ಮೇಲೂ ಹೊಲಗಳ ನಡುವೆ ಬಾಗಿ ಸಾಗುವ ಏರಿ, ಅದರ ಒಳಮಗ್ಗುಲಲ್ಲಿ ತಗ್ಗು ಕಂಡರೆ ಅಲ್ಲೊಂದು ಪಾರ್ಕ್ ಇದ್ದಿರಬಹುದು ಎಂದು ಕ್ಷೇತ್ರಕಾರ್ಯದವರು ಗುರುತಿಸುವುದು ಹೀಗೆ.

ಕೆಲವೆಡೆ ಬೇಲಿಯಲ್ಲಿ ‘ಡಿಯರ್ ಲೀಪ್’ ಇರುತ್ತಿತ್ತು. ಆ ಜಾಗದಲ್ಲಿ ಹೊರಗಡೆಯ ನೆಲವನ್ನು ಇಳಿಜಾರಾಗಿ ಎತ್ತರಿಸಿ, ಒಳಗಡೆ ಆಳವಾಗಿ ಬಿಡುತ್ತಿದ್ದರು. ಹೊರಗಿನ ಜಿಂಕೆ ಹಾರಿ ಒಳಗೆ ಬರಬಲ್ಲದು, ವಾಪಸು ಹೋಗಲಾರದು. ಪಕ್ಕದಲ್ಲಿ ದೊರೆಯ ಫಾರೆಸ್ಟ್ ಇದ್ದರೆ ಇದು ದೊರೆಯ ಜಿಂಕೆಗೆ ಒಡ್ಡಿದ ಬೋನು. ಅದಕ್ಕೇ ಇದಕ್ಕೆ ಪ್ರತ್ಯೇಕ ಪರವಾನಗಿ ಬೇಕಿತ್ತು. ಬೇಲಿಯ ಖರ್ಚೇ ಪಾರ್ಕಿನ ಆಕಾರವನ್ನೂ ತೀರ್ಮಾನಿಸಿತು. 100 ಹೆಕ್ಟೇರ್ ನೆಲಕ್ಕೆ 2 ಕಿ.ಮೀ. ಉದ್ದ, ಅರ್ಧ ಕಿ.ಮೀ. ಅಗಲದ ಪಟ್ಟಿಯಾದರೆ 5 ಕಿ.ಮೀ. ಬೇಲಿ, ಚೌಕವಾದರೆ 4 ಕಿ.ಮೀ., ವೃತ್ತವಾದರೆ ಸುಮಾರು 3.5 ಕಿ.ಮೀ. ಸಾಕು. ಹಳೆಯ ಪಾರ್ಕುಗಳ ಮೂಲೆಗಳು ನಕಾಶೆಯಲ್ಲಿ ದುಂಡಗಿರುವುದು ಚೆಂದಕ್ಕಲ್ಲ, ಓಕ್ ಉಳಿಸಲಿಕ್ಕೆ.

ಒಳಗಡೆ ಎರಡು ಬಗೆಯ ನೆಲ. ತೆರೆದ ಹುಲ್ಲುಗಾವಲಿಗೆ ‘ಲಾಂಡ್’ ಎನ್ನುತ್ತಿದ್ದರು, ಈಗ ಮನೆ ಮುಂದಿನ ಹುಲ್ಲಿಗೆ ಹೇಳುವ ‘ಲಾನ್’ ಅದರದೇ ರೂಪ. ಬುಡಕ್ಕೆ ಕಡಿದು ಚಿಗುರಿಸುವ ಮರಗಳಿದ್ದ ತುಂಡುಗಳಿಗೆ ಒಳಬೇಲಿ ಹಾಕಿ, ಕಡಿದ ಮೇಲೆ ಕೆಲವು ವರ್ಷ ಜಿಂಕೆಗಳನ್ನು ದೂರ ಇಡಬೇಕು, ಇಲ್ಲದಿದ್ದರೆ ಚಿಗುರೆಲ್ಲ ಮೇವಾಗಿ ಬುಡ ಸಾಯುತ್ತದೆ. ಬಯಲಲ್ಲಿ ಒಂಟಿಯಾಗಿ ನಿಂತ ಮರಗಳನ್ನು ಜಿಂಕೆಯ ಬಾಯಿಗೆ ಎಟುಕದ ಎತ್ತರದಲ್ಲಿ ಕಡಿದು ಚಿಗುರಿಸುತ್ತಿದ್ದರು, ಇದು ‘ಪೊಲಾರ್ಡ್’. ಹೀಗೆ ಕಡಿಸಿಕೊಂಡ ಓಕ್ ಮರ ಗಿಡ್ಡವಾಗಿ, ಪೊಳ್ಳಾಗಿ, ನೂರಾರು ವರ್ಷ ಬದುಕುತ್ತದೆ. ಹೆರೆಫರ್ಡ್‌ಶೈರ್‌ನ ಮೊಕಸ್ ಪಾರ್ಕಿನ ಮುದಿ ಓಕ್‌ಗಳಲ್ಲಿ ಇರುವ ಒಂದು ಪುಟ್ಟ ಜೀರುಂಡೆ ಬ್ರಿಟನ್ನಿನಲ್ಲಿ ಬೇರೆಲ್ಲೂ ಸಿಕ್ಕಿಲ್ಲ. ಪೊಳ್ಳು ಮರವನ್ನು ‘ಸತ್ತದ್ದು’ ಎಂದು ಕಡಿದರೆ ಅಂಥ ಜೀವಿಗಳ ಮನೆಯೇ ಹೋಗುತ್ತದೆ.

ಹಾಗಾದರೆ 18ನೇ ಶತಮಾನದ ‘ಲ್ಯಾಂಡ್‌ಸ್ಕೇಪ್ ಗಾರ್ಡನ್’? ಅದು ಉದ್ಯಾನವಲ್ಲವೇ ಎಂದು ಕೇಳುವವರಿದ್ದಾರೆ. ಅದೂ ಬಹುಮಟ್ಟಿಗೆ ಪಾರ್ಕೇ. ಮೊದಲು ಬಂಗಲೆಯ ಸುತ್ತ ಕತ್ತರಿಸಿದ ಪೊದೆ, ನೇರ ದಾರಿ, ಗೋಡೆಗಳ ಉದ್ಯಾನವಿತ್ತು, ಪಾರ್ಕ್ ಅದರಾಚೆಗೆ. ತೋಟ ವಿನ್ಯಾಸಕರಾದ ಚಾರ್ಲ್ಸ್ ಬ್ರಿಜ್‌ಮನ್, ವಿಲಿಯಂ ಕೆಂಟ್, ಅವರ ನಂತರ ಲ್ಯಾನ್ಸ್‌ಲಾಟ್ ‘ಕೇಪೆಬಿಲಿಟಿ’ ಬ್ರೌನ್ (1716–1783) ಆ ಗೋಡೆಗಳನ್ನು ಕೆಡವಿ, ಪಾರ್ಕಿನ ಹುಲ್ಲನ್ನು ಕಿಟಕಿಯ ಕೆಳಗಿನವರೆಗೆ ಎಳೆದು ತಂದರು. ಬ್ಲೆನಿಂ ಅರಮನೆಯ ಸುತ್ತ 1764ರಿಂದ ಬ್ರೌನ್ ಕೆಲಸ ಮಾಡಿದ ನೆಲ ಖಾಲಿ ಹೊಲವಾಗಿರಲಿಲ್ಲ, 12ನೇ ಶತಮಾನದಲ್ಲಿ ಒಂದನೇ ಹೆನ್ರಿ ಗೋಡೆ ಕಟ್ಟಿಸಿದ ವುಡ್‌ಸ್ಟಾಕ್ ಪಾರ್ಕ್ ಅದು. ಅದರ ಹಳೆಯ ಓಕ್‌ಗಳು ಇಂದಿಗೂ ಅಲ್ಲಿವೆ. ಸಸೆಕ್ಸ್‌ನ ಪೆಟ್‌ವರ್ತ್‌ನಲ್ಲಿ ಬ್ರೌನ್ ತೊರೆಗೆ ಒಡ್ಡು ಹಾಕಿ ಕೆರೆ ಮಾಡಿದ 700 ಎಕರೆಯಲ್ಲಿ ಈಗಲೂ ಫ್ಯಾಲೋ ಹಿಂಡು ಮೇಯುತ್ತಿದೆ.

ಗೋಡೆ ಕೆಡವಿದರೆ ಜಿಂಕೆ, ದನ, ಕುರಿ ಮೆಟ್ಟಿಲವರೆಗೆ ಬರಬಾರದಲ್ಲ, ಅದಕ್ಕೆ ಕಂಡುಕೊಂಡ ಉಪಾಯ ‘ಹಾ-ಹಾ’. ಇದನ್ನು ಕೆಲವರು ‘ಕಂದಕ’ ಎಂದಷ್ಟೇ ಬರೆಯುತ್ತಾರೆ, ಅದು ಅರ್ಧ ಮಾತ್ರ. ಹಾ-ಹಾ ಎಂದರೆ ನೆಲದೊಳಗೆ ಇಳಿಸಿದ ಗೋಡೆ. ಮನೆಯ ಕಡೆಗೆ 1.2ರಿಂದ 1.8 ಮೀಟರ್ ಎತ್ತರದ ನೆಟ್ಟಗಿನ ಕಲ್ಲು ಅಥವಾ ಇಟ್ಟಿಗೆಯ ಗೋಡೆ, ಅದರ ತುದಿ ಲಾನಿನ ಮಟ್ಟಕ್ಕೇ ನಿಲ್ಲುತ್ತದೆ. ಗೋಡೆಯ ಬುಡದಿಂದ ಪಾರ್ಕಿನ ಕಡೆಗೆ ಹುಲ್ಲಿನ ನೆಲ ನಿಧಾನವಾಗಿ ಏರುತ್ತದೆ. ಮನೆಯಿಂದ ನೋಡಿದರೆ ಗೋಡೆ ಕಾಣದು, ಹುಲ್ಲು ಒಂದೇ ಹಾಸಾಗಿ ಹರಿಯುತ್ತದೆ. ಪ್ರಾಣಿಯ ಕಡೆಯಿಂದ ನೋಡಿದರೆ ಎದುರಿಗೆ ಗೋಡೆ. ಹತ್ತಿರ ಬಂದವರು ದಿಢೀರನೆ ಕಂಡು ‘ಆಹ್ ಆಹ್’ ಎನ್ನುತ್ತಾರೆ, ಅದಕ್ಕೇ ಆ ಹೆಸರು ಎಂಬ ವಿವರಣೆ 1709ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ತೋಟಗಾರಿಕೆಯ ಪುಸ್ತಕದಲ್ಲೇ ಇದೆ. ಕುರಿ, ದನಕ್ಕೆ ಈ ಎತ್ತರ ಸಾಕು, ಜಿಂಕೆಗೆ ಸಾಲದು. ಜಿಂಕೆಯಿರುವ ಕಡೆ ತಗ್ಗಿನೊಳಗೆ, ಕಣ್ಣಿಗೆ ಬೀಳದಂತೆ ಬೇಲಿಯನ್ನೂ ನೆಡುತ್ತಾರೆ.

ಹಾ-ಹಾ ಕೆಡುವುದಕ್ಕೆ ಮುಖ್ಯ ಕಾರಣ ನೀರು. ಅದರ ಹಿಂದಿನ ಮಣ್ಣು ಮಳೆಗೆ ತೊಯ್ದು ಭಾರವಾಗುತ್ತದೆ, ನೀರು ಹೊರಹೋಗಲು ಗೋಡೆಯ ಬುಡದಲ್ಲಿ ರಂಧ್ರಗಳಿಲ್ಲದಿದ್ದರೆ ಗೋಡೆ ಉಬ್ಬಿ ಮುಂದಕ್ಕೆ ಬೀಳುತ್ತದೆ. ಹಳೆಯ ಗೋಡೆಗೆ ಸುಣ್ಣದ ಗಾರೆಯ ಬದಲು ಸಿಮೆಂಟ್ ಮೆತ್ತಿದರೆ ತೇವ ಸಂದಿನಿಂದ ಹೊರಹೋಗದೆ ಕಲ್ಲಿನಲ್ಲೇ ಉಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಹುಲ್ಲು ಕೊಯ್ಯುವ ಭಾರದ ಯಂತ್ರವನ್ನು ಅಂಚಿಗೇ ಓಡಿಸಿದರೂ ತುದಿಯ ಕಲ್ಲು ಸಡಿಲ. ತಗ್ಗಿನಲ್ಲಿ ಎಲೆ, ಮಣ್ಣು ತುಂಬಿದ್ದನ್ನು ತೆಗೆಯದಿದ್ದರೆ ಗೋಡೆ ವರ್ಷವರ್ಷಕ್ಕೆ ಕುಳ್ಳಾಗುತ್ತದೆ, ಕೊನೆಗೊಂದು ದಿನ ಕುರಿಗಳು ಹೂವಿನ ಪಾತಿಯಲ್ಲಿರುತ್ತವೆ.

ಇಂಥ ನೆಲದಲ್ಲಿ ಹೊಸ ಸಸಿ ನೆಟ್ಟರೆ ಸುತ್ತ ಮರದ ಗೂಟ, ಅಡ್ಡಪಟ್ಟಿಗಳ ಚೌಕಟ್ಟು ಬೇಕೇ ಬೇಕು. ಜಿಂಕೆ ಚಿಗುರು ತಿನ್ನುವುದಷ್ಟೇ ಅಲ್ಲ, ಗಂಡು ಕೊಂಬು ತಿಕ್ಕಿ ತೊಗಟೆ ಸುಲಿಯುತ್ತದೆ. ಸುತ್ತಲೂ ತೊಗಟೆ ಹೋದ ಸಸಿ ಉಳಿಯದು. ದೂರದಿಂದ ಪಾರ್ಕಿನ ಮರಗಳನ್ನು ನೋಡಿದರೆ ಕೆಳಗಿನ ಎಲೆಗಳೆಲ್ಲ ದಾರ ಹಿಡಿದು ಕತ್ತರಿಸಿದಂತೆ ಒಂದೇ ಮಟ್ಟದಲ್ಲಿ ನಿಂತಿರುತ್ತವೆ. ಅದನ್ನು ಕತ್ತರಿಸಿದ್ದು ಮಾಲಿಯಲ್ಲ, ಪ್ರಾಣಿಯ ಬಾಯಿ. ಆ ಗೆರೆ ಕಂಡರೆ ಅಲ್ಲಿ ಜಿಂಕೆಯೋ ದನವೋ ಮೇಯುತ್ತಿದೆ ಎಂದೇ ಅರ್ಥ.

ನಾವು ಇವತ್ತು ಪಾರ್ಕ್ ಎನ್ನುವುದು ಸಾರ್ವಜನಿಕರ ಜಾಗಕ್ಕೆ. ಆ ಅರ್ಥವೂ ಜಿಂಕೆ ಪಾರ್ಕಿನಿಂದಲೇ ಬಂದದ್ದು. ಲಂಡನ್ನಿನ ಹೈಡ್ ಪಾರ್ಕ್ 1536ರಲ್ಲಿ ಎಂಟನೇ ಹೆನ್ರಿ ಬೇಟೆಗಾಗಿ ತೆಗೆದುಕೊಂಡ ನೆಲ, 1637ರಲ್ಲಿ ಒಂದನೇ ಚಾರ್ಲ್ಸ್ ಅದನ್ನು ಜನರಿಗೆ ತೆರೆದ. ಅದೇ ದೊರೆ ಅದೇ ವರ್ಷ ರಿಚ್ಮಂಡ್ ಪಾರ್ಕಿಗೆ ಗೋಡೆ ಹಾಕಿಸಿ ಮುಗಿಸಿದ. ಆ ಗೋಡೆ ದಾಟಿ ನಡೆದುಹೋಗುವ ಹಕ್ಕಿಗಾಗಿ ಜಾನ್ ಲೂಯಿಸ್ ಎಂಬ ಬಿಯರ್ ತಯಾರಕ ಆಗ ಪಾರ್ಕಿನ ಉಸ್ತುವಾರಿ ಹೊತ್ತಿದ್ದ ರಾಜಕುಮಾರಿ ಅಮೀಲಿಯಾಳ ಬಾಗಿಲು ಕಾಯುವವಳ ವಿರುದ್ಧ ನ್ಯಾಯಾಲಯಕ್ಕೆ ಹೋಗಿ 1758ರಲ್ಲಿ ಗೆದ್ದ. ಸುಮಾರು 2,500 ಎಕರೆಯ ಅಲ್ಲಿ ಇಂದಿಗೂ ಕೆಂಪು ಜಿಂಕೆ, ಫ್ಯಾಲೋ ಎರಡೂ ಇವೆ, ನೋಡಲು ಹೋದವರು ಕನಿಷ್ಠ 50 ಮೀಟರ್ ದೂರವಿರಬೇಕೆಂಬ ಸೂಚನೆ ಇದೆ. ಚಾಟ್ಸ್‌ವರ್ತ್ ಬಂಗಲೆಯ ತೋಟದ ಮುಖ್ಯಸ್ಥನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಬ್ರೌನನ ಶೈಲಿಯ ಬಯಲು, ಮರಗುಂಪು, ಕೆರೆಗಳನ್ನು 1847ರಲ್ಲಿ ಬರ್ಕನ್‌ಹೆಡ್‌ನಲ್ಲಿ ಜನರ ದುಡ್ಡಿನ ಪಾರ್ಕಾಗಿ ಮಾಡಿದ. ಬೆಂಗಳೂರಿನ ಕಬ್ಬನ್ ಪಾರ್ಕ್ 1870ರಲ್ಲಿ ರೂಪುಗೊಂಡದ್ದು ಈ ಬಳಕೆ ಬೇರೂರಿದ ಮೇಲೆ. ಅಲ್ಲಿ ‘ಉದ್ಯಾನ’ ಎಂದರೆ ತಕರಾರಿಲ್ಲ.

ಅನುವಾದ ಮಾಡುವವರು ಬಂಗಲೆಯ ಪಾರ್ಕನ್ನು ‘ಪಾರ್ಕ್’ ಎಂದೇ ಉಳಿಸಿ, ಮೊದಲ ಸಲ ಬಂದಾಗ ‘ಬೇಲಿ ಹಾಕಿದ ಜಿಂಕೆ ಮೇವಿನ ಬಯಲು’ ಎಂದು ಒಂದು ಮಾತು ಸೇರಿಸಿದರೆ ಸಾಕು. ಅದನ್ನು ನೋಡಿಕೊಳ್ಳುವ ‘ಪಾರ್ಕರ್’ ಮಾಲಿಯಲ್ಲ, ಬೇಲಿ ರಿಪೇರಿ ಮಾಡಿಸುವ, ಚಳಿಗಾಲಕ್ಕೆ ಮೇವು ಕೂಡಿಡುವ, ಕಳ್ಳಬೇಟೆಗಾರರನ್ನು ಹಿಡಿಯುವ ಜಿಂಕೆ ಕಾವಲುಗಾರ. ಪಾರ್ಕರ್ ಎಂಬ ಮನೆತನದ ಹೆಸರೂ ಆ ಕೆಲಸದ್ದೇ. ಅವನ ಮನೆಯೇ ‘ಲಾಡ್ಜ್’, ಪಾರ್ಕಿನೊಳಗೆ ಬೇಲಿಯೂ ಹಿಂಡೂ ಕಾಣುವ ಎತ್ತರದ ಜಾಗದಲ್ಲಿ ಕಟ್ಟುತ್ತಿದ್ದರು. ಅದನ್ನು ‘ವಸತಿಗೃಹ’ ಎಂದು ಅನುವಾದಿಸಿದರೆ ಕಥಾನಾಯಕ ಜಿಂಕೆ ಕಾಯುವವನ ಮನೆಗೆ ಹೋಗುವ ಬದಲು ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜಿಗೆ ಹೋದಂತಾಗುತ್ತದೆ.