ಇವತ್ತಿನ ರಿಪೋರ್ಟ್, ಮೂರು ತಿಂಗಳ ಹಿಂದಿನ ಬಿಸಿಲು

ವೀರ್ಯ ಪರೀಕ್ಷೆಯ ರಿಪೋರ್ಟ್ ಹಿಡಿದು ಬರುವ ಗಂಡಸರನ್ನು ನಾನು ಮೊದಲು ಕೇಳುವುದು ಕೌಂಟ್ ಎಷ್ಟಿದೆ ಅಂತ ಅಲ್ಲ. ಮೂರು ತಿಂಗಳ ಹಿಂದೆ ಎಲ್ಲಿದ್ದಿರಿ, ಏನು ಕೆಲಸ ಮಾಡುತ್ತಿದ್ದಿರಿ, ಮಧ್ಯೆ ಜೋರು ಜ್ವರ ಏನಾದರೂ ಬಂದಿತ್ತಾ ಅಂತ. ಎಷ್ಟೋ ಜನ ಹೆಂಡತಿಯ ಮುಖ ನೋಡುತ್ತಾರೆ. ಅವರಿಗಿಂತ ಆಕೆಗೇ ಇದೆಲ್ಲ ಚೆನ್ನಾಗಿ ನೆನಪಿರುತ್ತದೆ.

ಹೀಗೆ ಕೇಳುವುದಕ್ಕೆ ಕಾರಣ ಇದೆ. ಒಂದು ವೀರ್ಯಾಣು ವೃಷಣದಲ್ಲಿ ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ವೃಷಣಕ್ಕೆ ಅಂಟಿಕೊಂಡ ಒಂದು ಉದ್ದನೆಯ ನಾಳದಲ್ಲಿ ಅದು ಒಂದೆರಡು ವಾರ ಸಾಗಬೇಕು. ಈಜುವ ಶಕ್ತಿ ಬರುವುದು ಅಲ್ಲೇ. ಒಟ್ಟು ಮೂರು ತಿಂಗಳು ಹಿಡಿಯಿರಿ. ರಾಶಿ ಮಾಡುವ ದಿನ ಕಾಳು ಜೊಳ್ಳಾಗಿದ್ದರೆ ಸಿರುಗುಪ್ಪದ ರೈತ ಆ ದಿನದ ಹವೆಯನ್ನು ಬೈಯುವುದಿಲ್ಲ, ತೆನೆ ಬರುವಾಗ ಏನಾಗಿತ್ತು ಅಂತ ಯೋಚಿಸುತ್ತಾನೆ. ಇಲ್ಲೂ ಲೆಕ್ಕ ಹಾಗೇ. ಆಗಸ್ಟ್‌ನಲ್ಲಿ ಕೊಟ್ಟ ಸ್ಯಾಂಪಲ್ ಹೇಳುವುದು ಮೇ ತಿಂಗಳ ಕಥೆಯನ್ನು.

ಮತ್ತೆ ಬಳ್ಳಾರಿಯ ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ವೃಷಣಗಳು ಹೊಟ್ಟೆಯೊಳಗೆ ಇರದೆ ಹೊರಗೆ ಚೀಲದಲ್ಲಿ ಇರುವುದೇ ತಂಪಿಗಾಗಿ. ದೇಹದ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ ಇದ್ದರೆ ಮಾತ್ರ ಅಲ್ಲಿ ಕೆಲಸ ಸರಿಯಾಗಿ ನಡೆಯುತ್ತದೆ. ಚಳಿಯಾದರೆ ಚೀಲ ಮುದುಡಿ ಮೇಲಕ್ಕೆ ಹೋಗುತ್ತದೆ, ಸೆಕೆಯಾದರೆ ಸಡಿಲವಾಗಿ ಕೆಳಗಿಳಿಯುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಹೊರಗೆ 42 ಡಿಗ್ರಿ ಇದ್ದು, ಮನುಷ್ಯ ಸ್ಪಾಂಜ್ ಐರನ್ ಭಟ್ಟಿಯ ಮುಂದೆ ಎಂಟು ಗಂಟೆ ನಿಂತರೆ ಎಷ್ಟು ಅಂತ ಕೆಳಗಿಳಿದೀತು? ನನ್ನ ಹತ್ತಿರ ಬರುವವರ ಕೆಲಸಗಳನ್ನೇ ನೋಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಸಂಡೂರಿನಿಂದ ಅದಿರು ಸಾಗಿಸುವ ಲಾರಿ. ಜೀನ್ಸ್ ಯೂನಿಟ್‌ಗಳಲ್ಲಿ ದಿನವಿಡೀ ಉಗಿ ಇಸ್ತ್ರಿ. ಹೋಟೆಲ್ ಒಲೆ. ಲಾರಿ ಡ್ರೈವರ್‌ಗಳ ಕಷ್ಟ ಎರಡು ಪಟ್ಟು: ಇಂಜಿನ್ ಶಾಖ ಒಂದು ಕಡೆ, ಬಿಗಿ ಪ್ಯಾಂಟ್‌ನಲ್ಲಿ ತೊಡೆ ಕೂಡಿಸಿಕೊಂಡು ಗಂಟೆಗಟ್ಟಲೆ ಕೂರುವುದು ಇನ್ನೊಂದು ಕಡೆ.

ಇದು ಊಹೆಯ ಮಾತಲ್ಲ. ಇಟಲಿಯಲ್ಲಿ 1990ರ ದಶಕದಲ್ಲೇ ಸಿರಾಮಿಕ್ ಭಟ್ಟಿಯ ಕೆಲಸಗಾರರನ್ನೂ ರೋಮ್ ನಗರದ ಟ್ಯಾಕ್ಸಿ ಡ್ರೈವರ್‌ಗಳನ್ನೂ ಅಧ್ಯಯನ ಮಾಡಿದ್ದರು. ಭಟ್ಟಿಯವರ ಹೆಂಡತಿಯರಿಗೆ ಗರ್ಭ ನಿಲ್ಲಲು ಹೆಚ್ಚು ಸಮಯ ಹಿಡಿದಿತ್ತು. ಟ್ಯಾಕ್ಸಿಯವರಲ್ಲಿ ಸರಿಯಾದ ಆಕಾರದ ವೀರ್ಯಾಣುಗಳು ಕಡಿಮೆ ಇದ್ದವು. ನನಗೆ ಇನ್ನೂ ಹತ್ತಿರ ಅನಿಸುವುದು ಇಸ್ರೇಲ್‌ನ ಬೀರ್‌ಶೆಬಾ ಊರಿನ ಅಧ್ಯಯನ. ಅದು ಮರುಭೂಮಿಯ ಅಂಚಿನ ಊರು, ಅಲ್ಲೂ ಬೇಸಿಗೆ ಜೋರು. ಅಲ್ಲಿನ ವೈದ್ಯರು 6,455 ಸ್ಯಾಂಪಲ್‌ಗಳನ್ನು ತಿಂಗಳುವಾರು ಜೋಡಿಸಿ 2013ರಲ್ಲಿ ಪ್ರಕಟಿಸಿದರು. ಚಳಿಗಾಲದಲ್ಲಿ ವೀರ್ಯಾಣುಗಳ ಸಂಖ್ಯೆ, ಚುರುಕು ಎರಡೂ ಚೆನ್ನಾಗಿದ್ದವು. ವಸಂತ ಶುರುವಾದ ಮೇಲೆ ಇಳಿಯುತ್ತಾ ಹೋದವು.

ಹಾಗಂತ ಬಿಸಿಲಲ್ಲಿ ದುಡಿಯುವವರಿಗೆಲ್ಲ ಮಕ್ಕಳಾಗುವುದಿಲ್ಲ ಅಂತ ಅಲ್ಲ. ಹಾಗಿದ್ದಿದ್ದರೆ ಬಳ್ಳಾರಿ ಯಾವತ್ತೋ ಖಾಲಿಯಾಗಿರಬೇಕಿತ್ತು. ಮೊದಲೇ ಕೌಂಟ್ ಚೆನ್ನಾಗಿರುವವನಿಗೆ ಬೇಸಿಗೆಯಲ್ಲಿ ಸ್ವಲ್ಪ ಇಳಿದರೂ ಏನೂ ಆಗುವುದಿಲ್ಲ. ಅಂಚಿನಲ್ಲಿ ಇರುವವನಿಗೆ ಮಾತ್ರ ಅದೇ ಸ್ವಲ್ಪ ದುಬಾರಿ ಆಗುತ್ತದೆ. ಅಂಥವರಿಗೆ ನಾನು ಹೇಳುವುದು ತುಂಬಾ ಸರಳ. ಮನೆಗೆ ಬಂದ ಮೇಲೆ ಲುಂಗಿ ಉಡಿ. ಬಿಗಿ ಒಳಉಡುಪು ಬಿಡಿ. ಅಮೆರಿಕದಲ್ಲಿ 656 ಗಂಡಸರ ಮೇಲೆ ನಡೆದು 2018ರಲ್ಲಿ ಬಂದ ಅಧ್ಯಯನದಲ್ಲಿ, ಸಡಿಲ ಚಡ್ಡಿ ಹಾಕುವವರ ವೀರ್ಯಾಣು ಸಾಂದ್ರತೆ ಬಿಗಿಯದನ್ನು ಹಾಕುವವರಿಗಿಂತ ಶೇ. 25ರಷ್ಟು ಜಾಸ್ತಿ ಇತ್ತು. ಲ್ಯಾಪ್‌ಟಾಪ್ ತೊಡೆ ಮೇಲೆ ಬೇಡ. ಸಾಧ್ಯವಿದ್ದರೆ ಒಂದೆರಡು ತಿಂಗಳು ಭಟ್ಟಿಯ ಹತ್ತಿರದ ಪಾಳಿ ಬದಲಾಯಿಸಿಕೊಳ್ಳಿ. ಗುತ್ತಿಗೆ ಕೆಲಸಗಾರನಿಗೆ ಇದನ್ನು ಹೇಳುವುದು ಸುಲಭ, ಅವನು ಮಾಡುವುದು ಕಷ್ಟ. ಗೊತ್ತು. ಆದರೂ ಹೇಳುತ್ತೇನೆ.

ಮೊಬೈಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸ್ವಿಟ್ಜರ್‌ಲ್ಯಾಂಡ್‌ನಲ್ಲಿ 2,886 ಯುವಕರ ಮೇಲೆ ನಡೆದು 2023ರಲ್ಲಿ ಬಂದ ವರದಿಯಲ್ಲಿ, ದಿನಕ್ಕೆ 20 ಸಲಕ್ಕಿಂತ ಹೆಚ್ಚು ಫೋನ್ ಬಳಸುವವರ ಕೌಂಟ್ ಕಡಿಮೆ ಕಂಡಿತು. ಆದರೆ ಫೋನನ್ನು ಪ್ಯಾಂಟ್ ಜೇಬಿನಲ್ಲಿ ಇಡುವುದಕ್ಕೂ ಕೌಂಟಿಗೂ ಸಂಬಂಧ ಕಾಣಲಿಲ್ಲ. ಜೇಬಿನ ಚಿಂತೆ ಬಿಡಿ. ಅದಕ್ಕಿಂತ ಜೇಬಿನಲ್ಲಿರುವ ಗುಟ್ಕಾ ಪ್ಯಾಕೆಟ್ ಬಗ್ಗೆ ನನಗೆ ಜಾಸ್ತಿ ಚಿಂತೆ. ಮಕ್ಕಳಾಗದೆ ತಪಾಸಣೆಗೆ ಬಂದ, ತಂಬಾಕು ಜಗಿಯುವ 638 ಭಾರತೀಯ ಗಂಡಸರ ಅಧ್ಯಯನ 2005ರಲ್ಲೇ ಬಂದಿದೆ. ಜಗಿಯುವುದು ಹೆಚ್ಚಾದಷ್ಟೂ ರಿಪೋರ್ಟ್ ಕೆಟ್ಟಿತ್ತು.

ಈಗ ನಂಬರ್‌ಗಳಿಗೆ ಬರೋಣ. ಅತಿ ಹೆಚ್ಚು ಗಾಬರಿ ಹುಟ್ಟಿಸುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಕೆಳಗಿನ ಗೆರೆ ಹೀಗಿದೆ: ಪ್ರಮಾಣ 1.4 ಮಿಲಿ, ಒಂದು ಮಿಲಿಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಚಲಿಸುವವು ಶೇ. 42, ಸರಿಯಾದ ಆಕಾರದವು ಶೇ. 4. ಕೊನೆಯ ನಂಬರ್ ನೋಡಿ ಎಷ್ಟೋ ಜನ ಕುಸಿದು ಹೋಗುತ್ತಾರೆ. "ನೂರಕ್ಕೆ ತೊಂಬತ್ತಾರು ಸರಿ ಇಲ್ಲಂತಲ್ರಿ ಮೇಡಂ?" ಅಂತ ಕೇಳಿದವರು ಎಷ್ಟೋ. ಇಲ್ಲಪ್ಪ, ಮನುಷ್ಯರಲ್ಲಿ ಅದು ಹಾಗೇ ಇರುತ್ತದೆ. ನಾಲ್ಕು ಇದ್ದರೆ ಸಾಕು.

ಇನ್ನೊಂದು ವಿಷಯ. ಈ ಗೆರೆ ಹಾಕಿದ್ದು ಹೇಗೆ ಗೊತ್ತಾ? ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರ ರಿಪೋರ್ಟ್‌ಗಳನ್ನು ಬೇರೆ ಬೇರೆ ದೇಶಗಳಿಂದ ಸೇರಿಸಿ, ಅವರಲ್ಲಿ ಅತಿ ಕಡಿಮೆ ಇದ್ದ ನೂರಕ್ಕೆ ಐದು ಜನ ಎಲ್ಲಿ ಬರುತ್ತಾರೋ ಅಲ್ಲಿ. ಅಂದರೆ ಗೆರೆಯ ಕೆಳಗಿದ್ದ ಆ ಐದು ಜನರೂ ತಂದೆಯಾದವರೇ. ಇದು ಪಾಸು-ಫೇಲಿನ ಅಂಕಪಟ್ಟಿ ಅಲ್ಲ. ಕೆಲವು ಲ್ಯಾಬ್‌ಗಳ ರಿಪೋರ್ಟ್‌ನಲ್ಲಿ ಈಗಲೂ ಮಿಲಿಗೆ 2 ಕೋಟಿ ಅನ್ನುವ ತುಂಬಾ ಹಳೆಯ ಗೆರೆಯೇ ಅಚ್ಚಾಗಿರುತ್ತದೆ. 1.8 ಕೋಟಿ ಇದ್ದವನ ರಿಪೋರ್ಟ್ ಕೆಳಗೆ 'ಕಡಿಮೆ' ಅಂತ ಕೆಂಪಕ್ಷರ. ಅದನ್ನು ಹಿಡಿದು ಅವನು ಊರೆಲ್ಲ ಔಷಧಿ ಹುಡುಕುತ್ತಾನೆ.

ಸ್ಯಾಂಪಲ್ ಕೊಡುವುದರಲ್ಲೇ ಅರ್ಧ ತಪ್ಪು ಆಗಿರುತ್ತದೆ. ಎರಡರಿಂದ ಏಳು ದಿನ ಸಂಪರ್ಕ ಇಲ್ಲದೆ ಬರಬೇಕು. ಜಾಸ್ತಿ ದಿನ ಬಿಟ್ಟರೆ ಕೌಂಟ್ ಚೆನ್ನಾಗಿ ಬರುತ್ತದೆ ಅಂತ ತಿಂಗಳುಗಟ್ಟಲೆ ಬಿಟ್ಟು ಬರುವವರಿದ್ದಾರೆ. ಆಗ ಹಳೆಯ, ಸತ್ತ ವೀರ್ಯಾಣುಗಳೇ ಜಾಸ್ತಿ ಸಿಗುತ್ತವೆ. ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಮನೆಯಿಂದ ತಂದರೆ ಒಂದು ಗಂಟೆಯೊಳಗೆ, ಮೈಗೆ ತಾಗಿಸಿಕೊಂಡು ತರಬೇಕು. ಕುರುಗೋಡಿನಿಂದ ಬೈಕಿನ ಡಿಕ್ಕಿಯಲ್ಲಿ ಏಪ್ರಿಲ್ ಮಧ್ಯಾಹ್ನ ತಂದ ಸ್ಯಾಂಪಲ್‌ನಲ್ಲಿ ಏನು ಉಳಿದಿರುತ್ತದೆ? ಮೊದಲ ಹನಿಗಳು ಡಬ್ಬಿಯ ಹೊರಗೆ ಬಿದ್ದಿದ್ದರೆ ನಾಚಿಕೆ ಬಿಟ್ಟು ಹೇಳಿ, ವೀರ್ಯಾಣು ಹೆಚ್ಚಾಗಿ ಇರುವುದೇ ಅದರಲ್ಲಿ. ಡೆಂಗಿ, ಟೈಫಾಯ್ಡ್, ಯಾವ ಜೋರು ಜ್ವರ ಬಂದಿದ್ದರೂ ಮುಂದಿನ ಎರಡು-ಮೂರು ತಿಂಗಳು ಕೌಂಟ್ ಇಳಿದಿರಬಹುದು. ಹಾಗಾಗಿ ಒಂದು ರಿಪೋರ್ಟ್ ಕೆಟ್ಟು ಬಂದರೆ ನಾನು ತೀರ್ಪು ಕೊಡುವುದಿಲ್ಲ. ಇನ್ನೊಂದು ಬೇಕು.

ಇಷ್ಟೆಲ್ಲ ಹೇಳುವ ಅವಕಾಶ ಸಿಗುವುದು ಗಂಡ ಪರೀಕ್ಷೆಗೆ ಒಪ್ಪಿದ ಮೇಲೆ ತಾನೇ? ಎಷ್ಟೋ ಮನೆಗಳಿಂದ ಮೊದಲು ಬರುವುದು ಸೊಸೆ ಮತ್ತು ಅವಳ ದಪ್ಪ ಫೈಲು. ಗರ್ಭನಾಳದ ಎಕ್ಸ್‌ರೇ ಆಗಿರುತ್ತದೆ, ಹಾರ್ಮೋನ್ ಪರೀಕ್ಷೆ ಎರಡೆರಡು ಸಲ ಆಗಿರುತ್ತದೆ, ಒಮ್ಮೊಮ್ಮೆ ಲ್ಯಾಪರೋಸ್ಕೋಪಿಯೂ ಮುಗಿದಿರುತ್ತದೆ. ಗಂಡನದು ಎಲ್ಲಿ ಅಂದರೆ ಅತ್ತೆಯೇ ಉತ್ತರ ಕೊಡುತ್ತಾರೆ: "ಅವನಿಗೇನಾಗೈತ್ರಿ ಡಾಕ್ಟ್ರೇ, ಗಟ್ಟಿಮುಟ್ಟಾಗಿ ಅದಾನ." ಗಟ್ಟಿಮುಟ್ಟಾಗಿರುವುದಕ್ಕೂ ಕೌಂಟಿಗೂ ಸಂಬಂಧವಿಲ್ಲ ಅಮ್ಮ ಅಂತ ಹೇಳುತ್ತೇನೆ. ಸಂಪರ್ಕ ಚೆನ್ನಾಗಿ ನಡೆಯುತ್ತಿದ್ದೂ ವೀರ್ಯಾಣು ಸೊನ್ನೆ ಇರಬಹುದು. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಗಂಡಸಿನ ಕಡೆಯಿಂದಲೂ ಏನಾದರೊಂದು ಕಾರಣ ಇರುತ್ತದೆ. ಕೆಲವೇ ನೂರು ರೂಪಾಯಿಯ, ನೋವಿಲ್ಲದ ಪರೀಕ್ಷೆಯನ್ನು ಕೊನೆಗಿಟ್ಟು ಹೆಂಗಸಿನ ಹೊಟ್ಟೆಗೆ ಕ್ಯಾಮೆರಾ ಹಾಕುವುದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇದರಲ್ಲಿ ವೈದ್ಯರ ಪಾಲೂ ಇದೆ.

ಗಟ್ಟಿಮುಟ್ಟು ಅಂದಾಗ ನೆನಪಾಯಿತು. ಇತ್ತೀಚೆಗೆ ಜಿಮ್‌ಗೆ ಹೋಗುವ ಹುಡುಗರಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡವರು ಸಿಗುತ್ತಾರೆ. ಗಂಡಸುತನದ ಹಾರ್ಮೋನ್ ಅಂದ ಮೇಲೆ ಮಕ್ಕಳಾಗುವುದಕ್ಕೂ ಒಳ್ಳೆಯದೇ ಅಂತ ಅವರ ನಂಬಿಕೆ. ಆಗುವುದು ಉಲ್ಟಾ. ಹೊರಗಿನಿಂದ ಹಾರ್ಮೋನ್ ಬಂತು ಅಂದರೆ ಮೆದುಳು ವೃಷಣಕ್ಕೆ ಕಳಿಸುವ ಸಂದೇಶ ನಿಲ್ಲಿಸುತ್ತದೆ. ವೀರ್ಯಾಣು ತಯಾರಿ ನಿಂತು ಕೌಂಟ್ ಸೊನ್ನೆಗೂ ಇಳಿಯಬಹುದು. ಇಂಜೆಕ್ಷನ್ ಬಿಟ್ಟರೆ ಹೆಚ್ಚಿನವರಿಗೆ ವಾಪಸ್ ಬರುತ್ತದೆ, ಆದರೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ದಾಟುತ್ತದೆ.

ಇನ್ನು ಪುಡಿ, ಮಾತ್ರೆ, ಸ್ಯಾಶೆ. ಕೌಂಟ್ ಕಡಿಮೆ ಅಂದ ತಕ್ಷಣ ತಿಂಗಳಿಗೆ ಎರಡು-ಮೂರು ಸಾವಿರದ ಚೀಟಿ ಬರೆದುಕೊಡುವುದು ಎಲ್ಲ ಕಡೆ ಇದೆ. ಅಮೆರಿಕದಲ್ಲಿ 2,370 ಜೋಡಿಗಳನ್ನು ಸೇರಿಸಿಕೊಂಡು ದೊಡ್ಡ ಪ್ರಯೋಗವೊಂದು ನಡೆಯಿತು, ಫಲಿತಾಂಶ 2020ರಲ್ಲಿ ಬಂತು. ಅರ್ಧ ಗಂಡಸರಿಗೆ ಆರು ತಿಂಗಳು ದಿನಾ ಫೋಲಿಕ್ ಆಸಿಡ್ ಮತ್ತು ಜಿಂಕ್, ಉಳಿದರ್ಧಕ್ಕೆ ಅದೇ ಥರ ಕಾಣುವ ಖಾಲಿ ಮಾತ್ರೆ. ಮಾತ್ರೆ ತಿಂದವರಲ್ಲಿ ನೂರಕ್ಕೆ 34 ಜೋಡಿಗೆ ಮಗುವಾಯಿತು, ಖಾಲಿ ಮಾತ್ರೆಯವರಲ್ಲಿ 35. ಕೌಂಟ್, ಚಲನೆ ಯಾವುದರಲ್ಲೂ ವ್ಯತ್ಯಾಸ ಬರಲಿಲ್ಲ. ವ್ಯತ್ಯಾಸ ಬಂದಿದ್ದು ಹೊಟ್ಟೆ ತೊಂದರೆಯಲ್ಲಿ, ಮಾತ್ರೆ ತಿಂದವರಿಗೆ ಅದು ಜಾಸ್ತಿ. ಅದೇ ವರ್ಷ ವಿಟಮಿನ್ ಸಿ, ಇ, ಸೆಲೆನಿಯಂ ಎಲ್ಲ ಬೆರೆಸಿದ ಮಾತ್ರೆಯ ಮೇಲೆ ಇನ್ನೊಂದು ಪ್ರಯೋಗ ಬಂತು. ಅಲ್ಲೂ ಲಾಭ ಕಾಣಲಿಲ್ಲ. ಮತ್ತೆ ಮಾತ್ರೆ ತಿಂದ ಮೇಲೆ ಕೌಂಟ್ ಏರಿತಲ್ಲ ಅಂತ ಹೇಳುವವರ ಮಾತು ಸುಳ್ಳಾ? ಸುಳ್ಳಲ್ಲ. ಮೇ ತಿಂಗಳ ಸರಕು ಆಗಸ್ಟ್‌ನಲ್ಲಿ ಪರೀಕ್ಷೆಯಾಗಿತ್ತು, ಆಗಸ್ಟ್ ಕೊನೆಯದು ನವೆಂಬರ್‌ನಲ್ಲಿ. ನಡುವೆ ಮಳೆ ಬಂದು ಹವೆ ತಂಪಾಗಿತ್ತು. ಹೆಸರು ಮಾತ್ರ ಸ್ಯಾಶೆಗೆ ಬಂತು.

ಸಿರುಗುಪ್ಪ ಕಡೆಯ ಹತ್ತಿ, ಮೆಣಸಿನಕಾಯಿ, ಭತ್ತದ ಗದ್ದೆಗಳಲ್ಲಿ ಔಷಧಿ ಹೊಡೆಯುವವರಿಗೆ ಒಂದು ಮಾತು. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ, ಡಿಬಿಸಿಪಿ ಅನ್ನುವ ಕೃಷಿ ರಾಸಾಯನಿಕ ತಯಾರಿಸುತ್ತಿದ್ದ ಗಂಡಸರು ತಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲ ಅನ್ನುವುದನ್ನು ತಾವೇ ಗಮನಿಸಿದರು. ಪರೀಕ್ಷೆ ಮಾಡಿದರೆ ಹಲವರ ಕೌಂಟ್ ಸೊನ್ನೆ. ಆ ರಾಸಾಯನಿಕ ಆಮೇಲೆ ಅಲ್ಲಿ ನಿಷೇಧವಾಯಿತು. ಈಗ ನೀವು ಹೊಡೆಯುವುದು ಅದಲ್ಲ. ಆದರೆ ಬೆನ್ನಿನ ಪಂಪ್ ಸೋರಿ ಲುಂಗಿ ನೆನೆದರೆ, ಅದರಲ್ಲೇ ಸಂಜೆವರೆಗೆ ಇರುವುದು ಯಾವ ಔಷಧಿಯಾದರೂ ಒಳ್ಳೆಯದಲ್ಲ. ಬಟ್ಟೆ ಬದಲಾಯಿಸಿ, ಸೋಪು ಹಚ್ಚಿ ಮೈ ತೊಳೆಯಿರಿ.

ಎರಡು ರಿಪೋರ್ಟಿನಲ್ಲೂ ಸೊನ್ನೆ ಬಂದರೆ ಕಥೆ ಬೇರೆ. ಆಗ ಬಿಸಿಲು, ಚಡ್ಡಿ ಅಂತ ಕಾಲ ಕಳೆಯಬಾರದು. ತಯಾರಾಗುತ್ತಿದೆ, ದಾರಿ ಮುಚ್ಚಿದೆ ಅನ್ನುವುದು ಒಂದು ಬಗೆ. ತಯಾರೇ ಆಗುತ್ತಿಲ್ಲ ಅನ್ನುವುದು ಇನ್ನೊಂದು. ವೃಷಣದ ಗಾತ್ರ ಕೈಯಿಂದ ನೋಡಿ, ಎಫ್‌ಎಸ್‌ಎಚ್ (ವೀರ್ಯಾಣು ತಯಾರಿಸು ಅಂತ ಮೆದುಳಿನ ಕಡೆಯಿಂದ ವೃಷಣಕ್ಕೆ ಬರುವ ಹಾರ್ಮೋನ್) ಮತ್ತು ಟೆಸ್ಟೋಸ್ಟೆರಾನ್ ರಕ್ತ ಪರೀಕ್ಷೆ ಮಾಡಿದರೆ ಬಹುತೇಕ ಗೊತ್ತಾಗುತ್ತದೆ. ಬೇಕಾದರೆ ವರ್ಣತಂತುಗಳ ಪರೀಕ್ಷೆ. ದೊಡ್ಡವನಾದ ಮೇಲೆ ಮಂಗನಬಾವು ಬಂದು ಬೀಜ ಊದಿಕೊಂಡಿತ್ತಾ, ಚಿಕ್ಕಂದಿನಲ್ಲಿ ಬೀಜ ಕೆಳಗಿಳಿದಿರಲಿಲ್ವಾ ಅಂತ ತಾಯಿಯನ್ನು ಕೇಳಬೇಕು. ದಾರಿ ಮುಚ್ಚಿದ್ದರೆ ವೃಷಣದಿಂದಲೇ ಸೂಜಿಯಲ್ಲಿ ವೀರ್ಯಾಣು ತೆಗೆದು ಇಕ್ಸಿ ಮಾಡಬಹುದು. ಅಂದರೆ ಒಂದೇ ವೀರ್ಯಾಣುವನ್ನು ನೇರವಾಗಿ ಅಂಡಾಣುವಿಗೆ ಚುಚ್ಚುವುದು. 1992ರಲ್ಲಿ ಬ್ರಸೆಲ್ಸ್‌ನಲ್ಲಿ ಈ ವಿಧಾನದಿಂದ ಗರ್ಭಗಳು ನಿಂತ ವರದಿ ಬಂದ ಮೇಲೆ ಇಂಥ ಗಂಡಸರ ಹಣೆಬರಹವೇ ಬದಲಾಯಿತು. ಆದರೆ ಕೌಂಟ್ ಸರಿ ಇದ್ದವರಿಗೂ 'ಯಾವುದಕ್ಕೂ ಇರಲಿ' ಅಂತ ಇಕ್ಸಿ ಮಾಡುವುದು ಈಗ ಮಾಮೂಲಾಗಿದೆ. ವಿಯೆಟ್ನಾಂನಲ್ಲಿ ಅಂಥ 1,064 ಜೋಡಿಗಳ ಮೇಲೆ ಪ್ರಯೋಗ ಮಾಡಿ 2021ರಲ್ಲಿ ಪ್ರಕಟಿಸಿದರು. ಲ್ಯಾಬಿನಲ್ಲಿ ಅಂಡಾಣು, ವೀರ್ಯಾಣುಗಳನ್ನು ಒಟ್ಟಿಗಿಟ್ಟು ತಾವಾಗೇ ಕೂಡಲು ಬಿಡುವ ಮಾಮೂಲಿ ಐವಿಎಫ್‌ಗಿಂತ ಇಕ್ಸಿಯಿಂದ ಹೆಚ್ಚು ಮಕ್ಕಳೇನೂ ಹುಟ್ಟಲಿಲ್ಲ. ಖರ್ಚು ಮಾತ್ರ ಹೆಚ್ಚು. ನಿಮಗೂ ಹೇಳಿದರೆ, ಯಾಕೆ ಅಂತ ಕೇಳಿ.

ಸಂಖ್ಯೆ ಕಡಿಮೆ ಇದ್ದು ಎಡಗಡೆ ಚೀಲದಲ್ಲಿ ರಕ್ತನಾಳಗಳು ಉಬ್ಬಿ ಗಂಟುಗಂಟಾಗಿ ಕೈಗೆ ಸಿಕ್ಕರೆ ಅದು ವೇರಿಕೋಸಿಲ್. ಅಲ್ಲೂ ತೊಂದರೆ ಮಾಡುವುದರಲ್ಲಿ ಶಾಖದ ಪಾತ್ರ ದೊಡ್ಡದು. ಕೈಗೆ ಸಿಗುವಂಥದ್ದಾಗಿದ್ದು ರಿಪೋರ್ಟೂ ಕೆಟ್ಟಿದ್ದರೆ ಆಪರೇಷನ್‌ನಿಂದ ಪ್ರಯೋಜನ ಆಗಬಹುದು. ಸ್ಕ್ಯಾನಿಂಗ್‌ನಲ್ಲಿ ಮಾತ್ರ ಕಾಣುವ ಸಣ್ಣದಕ್ಕೆ ಬೇಡ.

ಮೂರು ತಿಂಗಳು ಕಾಯೋಣ ಅನ್ನುವ ನನ್ನ ಮಾತು ಎಲ್ಲರಿಗೂ ಅಲ್ಲ. ಹೆಂಡತಿಗೆ 26 ವರ್ಷ, ಗಂಡನ ಕೌಂಟ್ ಅಂಚಿನಲ್ಲಿದೆ ಅಂದರೆ ಗುಟ್ಕಾ ಬಿಡಿಸಿ, ಲುಂಗಿ ಉಡಿಸಿ, ದೀಪಾವಳಿ ಆದ ಮೇಲೆ ಬನ್ನಿ ಅಂತ ಕಳಿಸುತ್ತೇನೆ. ಹೆಂಡತಿಗೆ 35 ದಾಟಿದ್ದರೆ ಹಾಗೆ ಕಳಿಸಲು ಆಗುವುದಿಲ್ಲ. ವೀರ್ಯಾಣು ಮೂರು ತಿಂಗಳಿಗೊಮ್ಮೆ ಹೊಸದು ಬರುತ್ತದೆ, ಅಂಡಾಣು ಹುಟ್ಟುವಾಗ ಬಂದಷ್ಟೇ. ಅಂಥ ಜೋಡಿ ಆರು ತಿಂಗಳು ಪ್ರಯತ್ನಿಸಿಯೂ ಆಗದಿದ್ದರೆ ಇಬ್ಬರದೂ ಪರೀಕ್ಷೆ ಅದೇ ವಾರ ಶುರುವಾಗಬೇಕು. ಬರುವಾಗ ಗಂಡ ಎರಡು ದಿನದ ನೇಮ ಮುಗಿಸಿಕೊಂಡೇ ಬಂದರೆ ಇನ್ನೊಂದು ಸಲ ಬಸ್ ಚಾರ್ಜ್ ಉಳಿಯುತ್ತದೆ.